ಚಲನೆ ಮತ್ತು ವಿದ್ಯುನ್ಮಂಡಲದ ಲೆಕ್ಕಗಳು: ಉತ್ತರದಲ್ಲಿ ಋಣ ಚಿಹ್ನೆ ಬಂದಾಗ ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು?

ದ್ವಿತೀಯ ಪಿಯು ವಿದ್ಯಾರ್ಥಿನಿ, ಚಳ್ಳಕೆರೆ

ಎಲ್ಲರಿಗೂ ನಮಸ್ಕಾರ. ಸಿಇಟಿಗಾಗಿ ಪ್ರಥಮ ವರ್ಷದ ಚಲನೆಯ ಅಧ್ಯಾಯವನ್ನೂ ಈ ವರ್ಷದ ವಿದ್ಯುತ್ ಪ್ರವಾಹದ ಅಧ್ಯಾಯವನ್ನೂ ಒಟ್ಟಿಗೆ ಪುನರಾವರ್ತನೆ ಮಾಡುತ್ತಿದ್ದೇನೆ. ಸೂತ್ರಗಳು ನೆನಪಿನಲ್ಲಿವೆ, ಬೀಜಗಣಿತವೂ ತೊಂದರೆ ಕೊಡುವುದಿಲ್ಲ; ಆದರೆ ಕೆಳಗಿನ ನಾಲ್ಕು ಲೆಕ್ಕಗಳಲ್ಲಿ ಉತ್ತರ ಕೈಗೆ ಬಂದ ಮೇಲೆಯೇ ಸಂದೇಹಗಳು ಹುಟ್ಟಿಕೊಂಡಿವೆ.

ಮೊದಲನೆಯದು: 50 ಮೀಟರ್ ಎತ್ತರದ ಕಟ್ಟಡದ ತುದಿಯಿಂದ ಒಂದು ಕಲ್ಲನ್ನು 15 ಮೀ/ಸೆ ವೇಗದಲ್ಲಿ ನೇರವಾಗಿ ಮೇಲಕ್ಕೆ ಎಸೆದರೆ ಅದು ನೆಲವನ್ನು ತಲುಪಲು ಎಷ್ಟು ಸಮಯ ಬೇಕು? ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ 5 ಸೆಕೆಂಡು ಮತ್ತು −2 ಸೆಕೆಂಡು ಎಂಬ ಎರಡು ಮೂಲಗಳು ಬರುತ್ತವೆ. ಗೈಡಿನಲ್ಲಿ ಋಣ ಮೂಲವನ್ನು ಕೈಬಿಡಬೇಕೆಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ.

ಎರಡನೆಯದು: ಗಂಟೆಗೆ 72 ಕಿ.ಮೀ. ವೇಗದಲ್ಲಿರುವ ಬಸ್ಸಿಗೆ ಬ್ರೇಕ್ ಹಾಕಿದಾಗ ಅದರ ವೇಗ ಪ್ರತಿ ಸೆಕೆಂಡಿಗೆ 4 ಮೀ/ಸೆ ಪ್ರಮಾಣದಲ್ಲಿ ಇಳಿಯುತ್ತದೆ. ಬ್ರೇಕ್ ಹಾಕಿದ ನಂತರದ 8 ಸೆಕೆಂಡುಗಳಲ್ಲಿ ಬಸ್ಸು ಎಷ್ಟು ದೂರ ಚಲಿಸುತ್ತದೆ? ಸೂತ್ರದಲ್ಲಿ ಬೆಲೆಗಳನ್ನು ಹಾಕಿದರೆ 32 ಮೀಟರ್ ಬರುತ್ತದೆ, ಕೊಟ್ಟಿರುವ ಉತ್ತರ 50 ಮೀಟರ್.

ಮೂರನೆಯದು: ಒಂದೇ ಗೆರೆಯಲ್ಲಿ ಅ, ಆ, ಇ, ಈ ಎಂಬ ನಾಲ್ಕು ಬಿಂದುಗಳಿವೆ. ಅ ಮತ್ತು ಆ ನಡುವೆ 6 ಓಮ್, ಆ ಮತ್ತು ಇ ನಡುವೆ 3 ಓಮ್, ಇ ಮತ್ತು ಈ ನಡುವೆ 2 ಓಮ್ ರೋಧಕಗಳಿವೆ. ಇದಲ್ಲದೆ ಅ ಬಿಂದುವನ್ನು ಇ ಬಿಂದುವಿಗೂ, ಆ ಬಿಂದುವನ್ನು ಈ ಬಿಂದುವಿಗೂ ಬರಿಯ ತಂತಿಯಿಂದ ಸೇರಿಸಲಾಗಿದೆ. ಅ ಮತ್ತು ಈ ನಡುವಿನ ಒಟ್ಟು ರೋಧ 1 ಓಮ್ ಎಂದು ಉತ್ತರವಿದೆ. ಚಿತ್ರವನ್ನು ನೋಡಿದರೆ ಮೂರೂ ಸರಣಿಯಲ್ಲಿರುವಂತೆ ಕಾಣುತ್ತದೆ.

ನಾಲ್ಕನೆಯದು: 12 ವೋಲ್ಟ್ ಇಎಂಎಫ್ (ವಿದ್ಯುಚ್ಚಾಲಕ ಬಲ, ಅಂದರೆ ಪ್ರವಾಹ ಹರಿಯದಿರುವಾಗ ಬ್ಯಾಟರಿಯ ತುದಿಗಳ ನಡುವಿನ ವೋಲ್ಟೇಜು) ಹಾಗೂ 2 ಓಮ್ ಆಂತರಿಕ ರೋಧವಿರುವ ಒಂದು ಬ್ಯಾಟರಿ, 6 ವೋಲ್ಟ್ ಇಎಂಎಫ್ ಹಾಗೂ 2 ಓಮ್ ಆಂತರಿಕ ರೋಧವಿರುವ ಇನ್ನೊಂದು ಬ್ಯಾಟರಿ, ಇವೆರಡನ್ನೂ ಸಮಾಂತರವಾಗಿ 8 ಓಮ್ ರೋಧಕಕ್ಕೆ ಜೋಡಿಸಿದೆ. ಕಿರ್ಚಾಫ್ ನಿಯಮಗಳಿಂದ (ತಂತಿಗಳು ಸೇರುವ ಬಿಂದುಗಳಲ್ಲಿ ಪ್ರವಾಹಗಳನ್ನೂ, ಲೂಪ್ ಎಂಬ ಮುಚ್ಚಿದ ಸುತ್ತುಗಳಲ್ಲಿ ವೋಲ್ಟೇಜುಗಳನ್ನೂ ತಾಳೆ ಹಾಕುವ ನಿಯಮಗಳು) ಎರಡನೆಯ ಬ್ಯಾಟರಿಯ ಪ್ರವಾಹ −1 ಆಂಪಿಯರ್ ಎಂದು ಬರುತ್ತದೆ, ಮತ್ತು ಇಲ್ಲಿ ಋಣ ಚಿಹ್ನೆಯನ್ನು ಉತ್ತರದಲ್ಲಿ ಹಾಗೆಯೇ ಉಳಿಸಿಕೊಂಡಿದ್ದಾರೆ.

ನನ್ನ ಮುಖ್ಯ ಪ್ರಶ್ನೆ ಇಷ್ಟೇ. ಒಂದು ಕಡೆ ಋಣ ಉತ್ತರವನ್ನು ಕೈಬಿಡಬೇಕು, ಇನ್ನೊಂದು ಕಡೆ ಉಳಿಸಿಕೊಳ್ಳಬೇಕು ಎಂದಾದರೆ ಅದನ್ನು ತೀರ್ಮಾನಿಸುವ ನಿಯಮ ಯಾವುದು?

ಭೌತಶಾಸ್ತ್ರ ಉಪನ್ಯಾಸಕ, ಹಾಸನ

ನಾಲ್ಕು ಲೆಕ್ಕಗಳನ್ನು ಒಂದೇ ಪ್ರಶ್ನೆಯ ಕೆಳಗೆ ತಂದಿರುವುದು ಒಳ್ಳೆಯದಾಯಿತು, ಏಕೆಂದರೆ ಅವು ನಿಜಕ್ಕೂ ಒಂದೇ ಪ್ರಶ್ನೆ. ಸಮೀಕರಣಕ್ಕೆ ಕಲ್ಲೂ ಗೊತ್ತಿಲ್ಲ, ಬಸ್ಸೂ ಗೊತ್ತಿಲ್ಲ. ನೀವು ಯಾವ ದಿಕ್ಕನ್ನು ಧನ ಎಂದಿರಿ, ಕಾಲವನ್ನು ಎಲ್ಲಿಂದ ಎಣಿಸಿದಿರಿ, ಯಾವುದು ಬದಲಾಗದೆ ಇರುತ್ತದೆ ಎಂದು ಭಾವಿಸಿದಿರಿ ಎಂಬ ಮೂರು ಆಯ್ಕೆಗಳ ಆಧಾರದ ಮೇಲೆ ಅದು ಉತ್ತರ ಕೊಡುತ್ತದೆ. ಆದ್ದರಿಂದ ಋಣ ಚಿಹ್ನೆ ಬಂದಾಗ ಅದನ್ನು ಬಿಡಬೇಕೇ ಇಟ್ಟುಕೊಳ್ಳಬೇಕೇ ಎಂದು ಕೇಳುವ ಮೊದಲು ಈ ಮೂರರಲ್ಲಿ ಯಾವ ಆಯ್ಕೆಯ ಬಗ್ಗೆ ಅದು ಮಾತನಾಡುತ್ತಿದೆ ಎಂದು ಕೇಳಬೇಕು.

ಕಲ್ಲಿನ ಲೆಕ್ಕವನ್ನು ತೆಗೆದುಕೊಳ್ಳೋಣ. ಕಟ್ಟಡದ ತುದಿಯನ್ನು ಸೊನ್ನೆ ಎಂದೂ ಮೇಲ್ಮುಖ ದಿಕ್ಕನ್ನು ಧನ ಎಂದೂ ಆರಿಸಿಕೊಂಡರೆ ಆರಂಭಿಕ ವೇಗ +15, ವೇಗೋತ್ಕರ್ಷ −10, ನೆಲದ ಸ್ಥಾನ −50 ಆಗುತ್ತದೆ. ಆಗ −50 = 15 × ಕಾಲ − 5 × ಕಾಲದ ವರ್ಗ. ಎಲ್ಲವನ್ನೂ 5ರಿಂದ ಭಾಗಿಸಿ ಒಂದೇ ಬದಿಗೆ ತಂದರೆ, ಕಾಲದ ವರ್ಗ − 3 × ಕಾಲ − 10 = 0. ಮೂಲಗಳು 5 ಮತ್ತು −2. ಕಲ್ಲು ಮೊದಲು ಮೇಲಕ್ಕೆ ಹೋಗಿ ಆಮೇಲೆ ಕೆಳಗೆ ಬರುತ್ತದೆಯೆಂದು ಲೆಕ್ಕವನ್ನು ಎರಡು ತುಂಡು ಮಾಡುವ ಅಗತ್ಯವಿಲ್ಲ ಎಂಬುದನ್ನು ಗಮನಿಸಿ. ಏರುವಾಗ, ಅತ್ಯುನ್ನತ ಬಿಂದುವಿನಲ್ಲಿ ಅರೆಕ್ಷಣ ನಿಂತಾಗ, ಇಳಿಯುವಾಗ ಮೂರೂ ಸಂದರ್ಭಗಳಲ್ಲಿ ವೇಗೋತ್ಕರ್ಷ ಒಂದೇ ಆಗಿರುವುದರಿಂದ ಒಂದೇ ಸಮೀಕರಣ ಇಡೀ ಪಯಣವನ್ನು ಆವರಿಸುತ್ತದೆ. ಅತ್ಯುನ್ನತ ಬಿಂದುವಿನಲ್ಲಿ ವೇಗ ಸೊನ್ನೆಯಾದರೆ ವೇಗೋತ್ಕರ್ಷವೂ ಸೊನ್ನೆ ಎಂದು ಬರೆಯುವ ಉತ್ತರ ಪತ್ರಿಕೆಗಳು ಪ್ರತಿ ವರ್ಷವೂ ಸಿಗುತ್ತವೆ. ಹಾಗೇನಾದರೂ ಆಗಿದ್ದರೆ ಕಲ್ಲು ಅಲ್ಲಿಯೇ ನಿಂತುಬಿಡಬೇಕಿತ್ತು.

ಈಗ −2ರ ವಿಷಯ. ಕಾಲವನ್ನು ಎಣಿಸಲು ಆರಂಭಿಸಿದ್ದು ಕಲ್ಲು ಕೈಬಿಟ್ಟ ಕ್ಷಣದಿಂದ. ಅದಕ್ಕಿಂತ 2 ಸೆಕೆಂಡು ಮೊದಲು ಯಾರಾದರೂ ನೆಲದಿಂದಲೇ ಒಂದು ಕಲ್ಲನ್ನು 35 ಮೀ/ಸೆ ವೇಗದಲ್ಲಿ ಮೇಲಕ್ಕೆ ಎಸೆದಿದ್ದರೆ ಅದು ನಿಮ್ಮ ಸೊನ್ನೆ ಕ್ಷಣದಲ್ಲಿ ಸರಿಯಾಗಿ ಕಟ್ಟಡದ ತುದಿಯನ್ನು 15 ಮೀ/ಸೆ ವೇಗದಲ್ಲಿ ಹಾದುಹೋಗುತ್ತಿತ್ತು, ಅಲ್ಲಿಂದ ಮುಂದೆ ನಿಮ್ಮ ಕಲ್ಲಿನ ಜೊತೆಗೇ ಸಾಗಿ, ಅದರ ಜೊತೆಗೇ ನೆಲ ಸೇರುತ್ತಿತ್ತು. ಸಮೀಕರಣಕ್ಕೆ ಈ ಎರಡು ಕಲ್ಲುಗಳ ನಡುವೆ ವ್ಯತ್ಯಾಸ ತಿಳಿಯುವುದಿಲ್ಲವಾದ್ದರಿಂದ ಇಬ್ಬರಿಗೂ ಸೇರಿಸಿಯೇ ಉತ್ತರ ಕೊಟ್ಟಿದೆ. ಪರೀಕ್ಷಿಸಿ ನೋಡಿ: 35 ಮೀ/ಸೆ ವೇಗದಲ್ಲಿ ನೆಲದಿಂದ ಎಸೆದ ಕಲ್ಲು ಒಟ್ಟು 7 ಸೆಕೆಂಡು ಗಾಳಿಯಲ್ಲಿರುತ್ತದೆ, ಮತ್ತು −2ರಿಂದ 5ರವರೆಗಿನ ಅಂತರವೂ 7. ನೆಲಕ್ಕೆ ಬಡಿಯುವ ವೇಗವನ್ನು ಬೇರೆಯಾಗಿ ಕಂಡುಹಿಡಿದರೆ 15 − 50 = −35 ಬರುತ್ತದೆ. ನಾವು −2 ಅನ್ನು ಉತ್ತರವಾಗಿ ಬರೆಯದೆ ಇರುವುದಕ್ಕೆ ಕಾರಣ ಅದು ಅರ್ಥಹೀನ ಎಂಬುದಲ್ಲ. ಪ್ರಶ್ನೆ ಕೇಳಿರುವುದು ಎಸೆದ ನಂತರದ ಕಾಲದ ಬಗ್ಗೆ, ಎಸೆಯುವ ಮೊದಲು ಕಲ್ಲು ಕೈಯಲ್ಲಿತ್ತು, ಕೈಯಲ್ಲಿದ್ದಾಗ ಅದರ ವೇಗೋತ್ಕರ್ಷ −10 ಆಗಿರಲಿಲ್ಲ.

ಬಸ್ಸಿನ ಲೆಕ್ಕದಲ್ಲಿ ಎಡವಟ್ಟಾಗುವುದು ಈ ಕೊನೆಯ ಅಂಶದಲ್ಲಿಯೇ. 72 ಕಿ.ಮೀ. ಎಂದರೆ 20 ಮೀ/ಸೆ. ವೇಗ ಸೆಕೆಂಡಿಗೆ 4ರಂತೆ ಇಳಿದರೆ 5 ಸೆಕೆಂಡಿಗೆ ಬಸ್ಸು ನಿಲ್ಲುತ್ತದೆ, ಚಲಿಸಿದ ದೂರ 50 ಮೀಟರ್. ಉಳಿದ 3 ಸೆಕೆಂಡು ಅದು ನಿಂತಲ್ಲಿಯೇ ಇರುತ್ತದೆ. ಕಲ್ಲಿನ ಮೇಲಿನ ಗುರುತ್ವ ಅದು ನಿಂತ ಕ್ಷಣದಲ್ಲಿಯೂ ಕೆಳಗೆ ಎಳೆಯುತ್ತದೆ, ಆದರೆ ಘರ್ಷಣೆ ಚಲನೆಯನ್ನು ವಿರೋಧಿಸುವ ಬಲವಾದ್ದರಿಂದ ಚಲನೆ ಮುಗಿದೊಡನೆ ಅದು ಬಸ್ಸನ್ನು ಹಿಂದಕ್ಕೆ ತಳ್ಳುವುದಿಲ್ಲ. ಐದನೆಯ ಸೆಕೆಂಡಿನ ನಂತರ ವೇಗೋತ್ಕರ್ಷ ಸೊನ್ನೆ. ಅದನ್ನು ಸೂತ್ರಕ್ಕೆ ನೀವು ಹೇಳಲಿಲ್ಲ.

ಸಿಇಟಿ ತರಬೇತುದಾರ, ದಾವಣಗೆರೆ

ಉಪನ್ಯಾಸಕರ ವಿವರಣೆಯನ್ನು ನಾನು ಒಪ್ಪುತ್ತೇನೆ, ಆದರೆ ಪರೀಕ್ಷೆಯ ವಾಸ್ತವವನ್ನೂ ಹೇಳಬೇಕಾಗುತ್ತದೆ. ಸಿಇಟಿಯಲ್ಲಿ ಭೌತಶಾಸ್ತ್ರದ 60 ಪ್ರಶ್ನೆಗಳಿಗೆ 80 ನಿಮಿಷ, ಅಂದರೆ ಪ್ರಶ್ನೆಯೊಂದಕ್ಕೆ 80 ಸೆಕೆಂಡು. ಅಷ್ಟರಲ್ಲಿ ಅಕ್ಷಗಳನ್ನು ಆರಿಸಿ, ಚಿಹ್ನೆಗಳನ್ನು ಬರೆದು, ವರ್ಗ ಸಮೀಕರಣವನ್ನು ಬಿಡಿಸಿ, ಎರಡನೆಯ ಮೂಲದ ಅರ್ಥವನ್ನು ಚಿಂತಿಸುವುದು ಸಾಧ್ಯವೇ? ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳಿಕೊಡುವ ದಾರಿ ಬೇರೆ. ಕಲ್ಲು ಏರಲು 1.5 ಸೆಕೆಂಡು, ಏರಿದ ಎತ್ತರ 11.25 ಮೀಟರ್, ಅಲ್ಲಿಂದ ಒಟ್ಟು 61.25 ಮೀಟರ್ ಬೀಳಲು 3.5 ಸೆಕೆಂಡು, ಕೂಡಿಸಿದರೆ 5. ಋಣ ಚಿಹ್ನೆಯ ಪ್ರಶ್ನೆಯೇ ಏಳುವುದಿಲ್ಲ. ಬ್ರೇಕಿನ ಲೆಕ್ಕಗಳಲ್ಲಿ ನಿಲುಗಡೆಯ ದೂರ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬ ಒಂದು ವಾಕ್ಯ ಸಾಕು: 20 ಮೀ/ಸೆಗೆ 50 ಮೀಟರ್ ಆದರೆ ಅದೇ ಬ್ರೇಕಿನಲ್ಲಿ 10 ಮೀ/ಸೆಗೆ 12.5 ಮೀಟರ್. ಪೆನ್ನು ಎತ್ತುವ ಅಗತ್ಯವೂ ಇಲ್ಲ.

ಭೌತಶಾಸ್ತ್ರ ಉಪನ್ಯಾಸಕ, ಹಾಸನ

ವರ್ಗದ ಅನುಪಾತದ ಮಾತು ಉತ್ತಮವಾದದ್ದು, ಅದನ್ನು ನಾನೂ ಬಳಸುತ್ತೇನೆ. ಆದರೆ ಕಲ್ಲಿನ ಲೆಕ್ಕಕ್ಕೆ ನೀವು ತೋರಿಸಿದ ದಾರಿಯಲ್ಲಿ 61.25ರಿಂದ 12.25 ಬಂದು, ಅದರ ವರ್ಗಮೂಲ 3.5 ಎಂದು ಹೊಳೆಯಬೇಕು. ನನ್ನ ದಾರಿಯಲ್ಲಿ 10 ಅನ್ನು 5 ಮತ್ತು 2ರ ಗುಣಲಬ್ಧವಾಗಿ ಒಡೆದರೆ ಮುಗಿಯಿತು. 80 ಸೆಕೆಂಡಿನಲ್ಲಿ ಯಾವುದು ವೇಗವಾಗಿ ಆಗುತ್ತದೆ ಎಂಬುದನ್ನು ಓದುಗರೇ ಗಡಿಯಾರ ಹಿಡಿದು ನೋಡಬಹುದು. ಅದಕ್ಕಿಂತ ಮುಖ್ಯವಾಗಿ, 8 ಸೆಕೆಂಡಿನ ಬಸ್ಸಿನ ಪ್ರಶ್ನೆಯನ್ನು ರಚಿಸುವವರು 32 ಅನ್ನು ನಾಲ್ಕು ಆಯ್ಕೆಗಳಲ್ಲಿ ಒಂದಾಗಿ ಖಂಡಿತವಾಗಿ ಇಟ್ಟಿರುತ್ತಾರೆ. ಅವಸರದಲ್ಲಿರುವವರಿಗಾಗಿಯೇ ಇಟ್ಟ ಆಯ್ಕೆ ಅದು.

ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಶಿರಸಿ

ಈ 32ರ ಬಗ್ಗೆ ಒಂದು ಮಾತು ಸೇರಿಸಲು ಅನುಮತಿ ಕೊಡಿ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಚಲನೆಯ ಮೂರು ಸಮೀಕರಣಗಳನ್ನು ಕಂಠಪಾಠ ಮಾಡಿಸುವ ಮೊದಲು ವೇಗ-ಕಾಲ ನಕ್ಷೆಯನ್ನು ಎಳೆಸುವುದು ನನ್ನ ಅಭ್ಯಾಸ. ಬಸ್ಸಿನ ನಕ್ಷೆಯಲ್ಲಿ ವೇಗದ ಗೆರೆ 20ರಿಂದ ಹೊರಟು 5ನೆಯ ಸೆಕೆಂಡಿನಲ್ಲಿ ಕಾಲದ ಅಕ್ಷವನ್ನು ಮುಟ್ಟುತ್ತದೆ. ಗೆರೆಯ ಕೆಳಗಿನ ತ್ರಿಭುಜದ ವಿಸ್ತೀರ್ಣ 5 × 20ರ ಅರ್ಧ, ಅಂದರೆ 50. ಇದೇ ಚಲಿಸಿದ ದೂರ. ಈಗ ಗೆರೆಯನ್ನು ನಿಲ್ಲಿಸದೆ 8ನೆಯ ಸೆಕೆಂಡಿನವರೆಗೆ ಮುಂದುವರಿಸಿದರೆ ಅದು ಅಕ್ಷದ ಕೆಳಗೆ ಇಳಿದು −12ಕ್ಕೆ ತಲುಪುತ್ತದೆ. ಅಕ್ಷದ ಕೆಳಗಿನ ತ್ರಿಭುಜದ ವಿಸ್ತೀರ್ಣ 3 × 12ರ ಅರ್ಧ, ಅಂದರೆ 18. 50ರಿಂದ 18 ಕಳೆದರೆ 32. ಸೂತ್ರವು ಬಸ್ಸನ್ನು ನಿಲ್ಲಿಸಿ, ಹಿಮ್ಮುಖವಾಗಿ 18 ಮೀಟರ್ ಓಡಿಸಿ, ಆಮೇಲೆ ಸ್ಥಾನಪಲ್ಲಟವನ್ನು, ಅಂದರೆ ಹೊರಟ ಜಾಗದಿಂದ ಕೊನೆಯ ಜಾಗಕ್ಕಿರುವ ಅಂತರವನ್ನು, ಹೇಳಿದೆ. ನಕ್ಷೆ ಎಳೆದ ವಿದ್ಯಾರ್ಥಿಗೆ ಗೆರೆ ಅಕ್ಷವನ್ನು ದಾಟುವುದು ಕಣ್ಣಿಗೆ ಬೀಳುತ್ತದೆ, ಬಸ್ಸು ಹಿಂದಕ್ಕೆ ಹೋಗಬಲ್ಲದೇ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಹಲವು ಹಂತಗಳಿರುವ ಚಲನೆಯಲ್ಲಿ ನಕ್ಷೆಯ ಲಾಭ ಇನ್ನೂ ಹೆಚ್ಚು. ಒಂದು ಮೆಟ್ರೊ ರೈಲು ನಿಲ್ದಾಣದಿಂದ ಹೊರಟು 20 ಸೆಕೆಂಡುಗಳಲ್ಲಿ 20 ಮೀ/ಸೆ ವೇಗವನ್ನು ತಲುಪಿ, 60 ಸೆಕೆಂಡು ಅದೇ ವೇಗದಲ್ಲಿ ಸಾಗಿ, ಕೊನೆಯ 10 ಸೆಕೆಂಡುಗಳಲ್ಲಿ ನಿಲ್ಲುತ್ತದೆ ಎಂದುಕೊಳ್ಳಿ. ಸೂತ್ರಗಳಿಂದಾದರೆ ಮೂರು ಲೆಕ್ಕ. ನಕ್ಷೆಯಲ್ಲಿ ಒಂದೇ ತ್ರಾಪಿಜ್ಯ: ಸಮಾಂತರ ಬಾಹುಗಳು 90 ಮತ್ತು 60, ಎತ್ತರ 20, ವಿಸ್ತೀರ್ಣ 1500. ಎರಡು ನಿಲ್ದಾಣಗಳ ನಡುವಿನ ದೂರ ಒಂದೂವರೆ ಕಿಲೋಮೀಟರ್, ಸರಾಸರಿ ವೇಗ ಗಂಟೆಗೆ 60 ಕಿ.ಮೀ.

ಬಿಎಸ್ಸಿ ವಿದ್ಯಾರ್ಥಿ, ಮೈಸೂರು

ಸಣ್ಣ ಸಂದೇಹ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿಯುವುದರಿಂದ ಉತ್ತರ ಕೆಡುವುದಿಲ್ಲವೇ? 9.8 ಹಾಕಿದರೆ ಕಲ್ಲಿನ ಕಾಲ ಸುಮಾರು 5.07 ಸೆಕೆಂಡು ಬರುತ್ತದೆ.

ಭೌತಶಾಸ್ತ್ರ ಉಪನ್ಯಾಸಕ, ಹಾಸನ

ಪ್ರಶ್ನೆಯಲ್ಲಿ ಯಾವ ಬೆಲೆ ಕೊಟ್ಟಿದ್ದಾರೋ ಅದನ್ನೇ ಬಳಸಬೇಕು. ಏನನ್ನೂ ಕೊಡದಿದ್ದರೆ ಬೋರ್ಡ್ ಪರೀಕ್ಷೆಯಲ್ಲಿ 9.8 ಎಂದು ಬರೆದು, ಹಾಗೆ ಹಿಡಿದಿದ್ದೇನೆಂದು ನಮೂದಿಸಿ. ಬೆಂಗಳೂರಿನ ನಿಜವಾದ ಬೆಲೆ ಸುಮಾರು 9.78. ನೂರಕ್ಕೆ ಎರಡರಷ್ಟು ಈ ವ್ಯತ್ಯಾಸಕ್ಕಿಂತ, ಗಾಳಿಯ ಪ್ರತಿರೋಧವನ್ನು ನಾವು ಪೂರ್ತಿಯಾಗಿ ಬಿಟ್ಟಿರುವುದೇ 35 ಮೀ/ಸೆ ವೇಗದ ಕಲ್ಲಿನ ವಿಷಯದಲ್ಲಿ ದೊಡ್ಡ ಸರಳೀಕರಣ ಆಗಿರಬಹುದು.

ಐಟಿಐ ಎಲೆಕ್ಟ್ರಿಷಿಯನ್ ವಿಭಾಗದ ಬೋಧಕ, ಹುಬ್ಬಳ್ಳಿ

ಮೂರನೆಯ ಲೆಕ್ಕಕ್ಕೆ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ತಂಗಿ, ಚಿತ್ರದ ಆಕಾರವನ್ನು ನಂಬಬೇಡಿ. ಕಾಗದದ ಮೇಲೆ ರೋಧಕಗಳು ಒಂದರ ಪಕ್ಕ ಒಂದು ಇವೆಯೋ, ಒಂದರ ಕೆಳಗೆ ಒಂದು ಇವೆಯೋ ಎಂಬುದು ಚಿತ್ರ ಬಿಡಿಸಿದವರ ಅನುಕೂಲಕ್ಕೆ ಬಿಟ್ಟ ಸಂಗತಿ. ವಿದ್ಯುತ್ತಿಗೆ ಬೇಕಾಗಿರುವುದು ಯಾವ ತುದಿ ಯಾವ ತುದಿಗೆ ಸೇರಿದೆ ಎಂಬುದೊಂದೇ. ಕಾರ್ಯಾಗಾರದಲ್ಲಿ ನಾವು ಮಾಡಿಸುವ ಕ್ರಮ ಹೀಗಿದೆ. ಬಣ್ಣದ ಪೆನ್ಸಿಲ್ ತೆಗೆದುಕೊಂಡು ಬ್ಯಾಟರಿಯ ಧನ ತುದಿಯಿಂದ ಆರಂಭಿಸಿ, ರೋಧಕ ಅಡ್ಡ ಬರುವವರೆಗೆ ಎಲ್ಲ ತಂತಿಗಳ ಮೇಲೂ ಕೆಂಪು ಬಣ್ಣ ತುಂಬಿ. ಋಣ ತುದಿಯಿಂದ ಆರಂಭಿಸಿ ಹಾಗೆಯೇ ನೀಲಿ ಬಣ್ಣ ತುಂಬಿ. ಒಂದು ಬಣ್ಣದ ಭಾಗವೆಲ್ಲ ವಿದ್ಯುತ್ತಿನ ಮಟ್ಟಿಗೆ ಒಂದೇ ಬಿಂದು.

ನಿಮ್ಮ ಚಿತ್ರದಲ್ಲಿ ಅ ಕೆಂಪಾದರೆ, ತಂತಿಯ ಮೂಲಕ ಇ ಕೂಡ ಕೆಂಪು. ‘ಈ’ ನೀಲಿಯಾದರೆ ‘ಆ’ ಕೂಡ ನೀಲಿ. ಈಗ ರೋಧಕಗಳನ್ನು ನೋಡಿ: 6 ಓಮ್‌ನ ಒಂದು ತುದಿ ಕೆಂಪು, ಇನ್ನೊಂದು ನೀಲಿ, 3 ಓಮ್‌ನದೂ ಹಾಗೆಯೇ, 2 ಓಮ್‌ನದೂ ಹಾಗೆಯೇ. ಮೂರೂ ಒಂದೇ ಎರಡು ಬಿಂದುಗಳ ನಡುವೆ ಇರುವುದರಿಂದ ಮೂರೂ ಸಮಾಂತರದಲ್ಲಿವೆ. ಆರನೆಯ ಒಂದು, ಮೂರನೆಯ ಒಂದು, ಎರಡನೆಯ ಒಂದು ಭಾಗಗಳನ್ನು ಕೂಡಿಸಿದರೆ 1, ಆದ್ದರಿಂದ ಒಟ್ಟು ರೋಧ 1 ಓಮ್. ಸರಣಿ ಎಂದು ಕರೆಯಬೇಕಾದರೆ ಎರಡು ರೋಧಕಗಳು ಸೇರುವ ಬಿಂದುವಿನಿಂದ ಮೂರನೆಯ ಯಾವ ದಾರಿಯೂ ಹೊರಡಬಾರದು. ನಿಮ್ಮ ‘ಆ’ ಬಿಂದುವಿನಿಂದ ಒಂದು ತಂತಿ ಹೊರಟಿದೆ, ಆದ್ದರಿಂದ ಅಲ್ಲಿ ಸರಣಿ ಮುರಿದುಹೋಯಿತು.

ದ್ವಿತೀಯ ಪಿಯು ವಿದ್ಯಾರ್ಥಿನಿ, ಚಳ್ಳಕೆರೆ

ಧನ್ಯವಾದಗಳು ಸರ್. ಬಣ್ಣ ತುಂಬಿ ನೋಡಿದ ಮೇಲೆ ಅ ಮತ್ತು ಈ ನಡುವೆ 6 ವೋಲ್ಟ್ ಬ್ಯಾಟರಿಯನ್ನು ಇಟ್ಟು ಪ್ರವಾಹಗಳನ್ನೂ ಲೆಕ್ಕ ಹಾಕಿದೆ. 6 ಓಮ್‌ನಲ್ಲಿ 1, 3 ಓಮ್‌ನಲ್ಲಿ 2, 2 ಓಮ್‌ನಲ್ಲಿ 3, ಒಟ್ಟು 6 ಆಂಪಿಯರ್. ಮಧ್ಯದ 3 ಓಮ್ ರೋಧಕದಲ್ಲಿ ಪ್ರವಾಹ ‘ಇ’ ಬಿಂದುವಿನಿಂದ ‘ಆ’ ಬಿಂದುವಿಗೆ, ಅಂದರೆ ಚಿತ್ರದಲ್ಲಿ ಬಲದಿಂದ ಎಡಕ್ಕೆ ಹರಿಯುತ್ತದೆ ಎಂದು ತಿಳಿದು ಆಶ್ಚರ್ಯವಾಯಿತು. ಅ ಬಿಂದುವಿನಿಂದ ಇ ಬಿಂದುವಿಗೆ ಹೋಗುವ ತಂತಿಯಲ್ಲಿ 5 ಆಂಪಿಯರ್ ಹರಿಯಬೇಕು. ಆದರೆ ಆ ತಂತಿಯ ಎರಡೂ ತುದಿಗಳು ಒಂದೇ ಬಣ್ಣದವು, ಅಂದರೆ ಅವುಗಳ ನಡುವೆ ವಿಭವಾಂತರ (ವೋಲ್ಟೇಜಿನ ವ್ಯತ್ಯಾಸ) ಸೊನ್ನೆ. ವಿಭವಾಂತರವೇ ಇಲ್ಲದೆ 5 ಆಂಪಿಯರ್ ಹರಿಯುವುದು ಹೇಗೆ?

ಎಲೆಕ್ಟ್ರಾನಿಕ್ಸ್ ಎಂಜಿನಿಯರ್, ಬೆಂಗಳೂರು

ಬಹಳ ಒಳ್ಳೆಯ ಪ್ರಶ್ನೆ. ಓಮ್‌ನ ನಿಯಮದ ಪ್ರಕಾರ ವಿಭವಾಂತರ ಎಂದರೆ ಪ್ರವಾಹ ಮತ್ತು ರೋಧಗಳ ಗುಣಲಬ್ಧ. ಆದರ್ಶ ತಂತಿಯ ರೋಧ ಸೊನ್ನೆಯಾದ್ದರಿಂದ ಪ್ರವಾಹ ಎಷ್ಟೇ ಇದ್ದರೂ ಗುಣಲಬ್ಧ ಸೊನ್ನೆಯೇ. ಅಂದರೆ ಆ ತಂತಿಗೆ ಮಾತ್ರ ಓಮ್‌ನ ನಿಯಮವನ್ನು ಹಚ್ಚಿ ಪ್ರವಾಹವನ್ನು ತಿಳಿಯಲು ಸಾಧ್ಯವಿಲ್ಲ. ಅದನ್ನು ಜಂಕ್ಷನ್ ನಿಯಮದಿಂದಲೇ (ಒಂದು ಬಿಂದುವಿಗೆ ಬಂದ ಪ್ರವಾಹವೂ ಅಲ್ಲಿಂದ ಹೊರಟ ಪ್ರವಾಹವೂ ಸಮ ಎಂಬ ಕಿರ್ಚಾಫ್ ನಿಯಮ), ಅಕ್ಕಪಕ್ಕದ ರೋಧಕಗಳ ಪ್ರವಾಹಗಳನ್ನು ಕೂಡಿಸಿಯೇ ಪಡೆಯಬೇಕು, ನೀವು 2 ಮತ್ತು 3ನ್ನು ಕೂಡಿಸಿ 5 ಪಡೆದಂತೆ. ನಿಜವಾದ ತಂತಿಯಲ್ಲಿ ಅತ್ಯಲ್ಪ ವಿಭವಾಂತರ ಇದ್ದೇ ಇರುತ್ತದೆ. ಮನೆಯ ವೈರಿಂಗ್‌ನಲ್ಲಿ ಬಳಸುವ 1.5 ಚದರ ಮಿಲಿಮೀಟರ್ ತಾಮ್ರದ ತಂತಿಯ ಒಂದು ಮೀಟರ್ ಉದ್ದಕ್ಕೆ ರೋಧ ಸುಮಾರು 0.011 ಓಮ್, 5 ಆಂಪಿಯರ್ ಹರಿದರೆ 0.06 ವೋಲ್ಟಿಗಿಂತಲೂ ಕಡಿಮೆ. 6 ವೋಲ್ಟಿನ ಲೆಕ್ಕದಲ್ಲಿ ಅದನ್ನು ಬಿಟ್ಟರೆ ನಷ್ಟವಿಲ್ಲ.

ಇದೇ ಬಣ್ಣದ ಕ್ರಮವನ್ನು ನಾಲ್ಕನೆಯ ಲೆಕ್ಕಕ್ಕೂ ಬಳಸಬಹುದು. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಎರಡು ಲೂಪ್‌ಗಳ ಸಮೀಕರಣ ಬರೆಯುತ್ತಾರೆ: 12 − 2 × ಮೊದಲ ಪ್ರವಾಹ − 8 × ಒಟ್ಟು ಪ್ರವಾಹ = 0; 6 − 2 × ಎರಡನೆಯ ಪ್ರವಾಹ − 8 × ಒಟ್ಟು ಪ್ರವಾಹ = 0. ಎರಡನ್ನೂ ಕೂಡಿಸಿದರೆ 18 = 18 × ಒಟ್ಟು ಪ್ರವಾಹ, ಆದ್ದರಿಂದ ಒಟ್ಟು ಪ್ರವಾಹ 1 ಆಂಪಿಯರ್, ಮೊದಲನೆಯದು 2, ಎರಡನೆಯದು −1. ಇದು ಸರಿಯಾದ ದಾರಿಯೇ. ಆದರೆ ಕೆಂಪು ಬಿಂದುವಿನ ವಿಭವವನ್ನೇ ಅಜ್ಞಾತವೆಂದು ಹಿಡಿದು, ನೀಲಿ ಬಿಂದುವನ್ನು ಸೊನ್ನೆ ಎಂದರೆ ಒಂದೇ ಸಮೀಕರಣ ಸಾಕಾಗುತ್ತದೆ. ಮೊದಲ ಬ್ಯಾಟರಿಯಿಂದ ಬರುವ ಪ್ರವಾಹ, 12ರಿಂದ ಆ ವಿಭವವನ್ನು ಕಳೆದು 2ರಿಂದ ಭಾಗಿಸಿದಷ್ಟು. ಎರಡನೆಯದರಿಂದ, 6ರಿಂದ ಕಳೆದು 2ರಿಂದ ಭಾಗಿಸಿದಷ್ಟು. ರೋಧಕದ ಮೂಲಕ ಹೋಗುವುದು ವಿಭವದ ಎಂಟನೆಯ ಒಂದು ಭಾಗ. ಬಂದದ್ದೂ ಹೋದದ್ದೂ ಸಮ ಎಂದು ಬರೆದು 8ರಿಂದ ಗುಣಿಸಿದರೆ ವಿಭವದ 9 ಪಟ್ಟು 72, ಅಂದರೆ ವಿಭವ 8 ವೋಲ್ಟ್. ಈ 8 ಎಂಬ ಸಂಖ್ಯೆಯನ್ನು ನೋಡಿದ ತಕ್ಷಣ, 6 ವೋಲ್ಟಿನ ಬ್ಯಾಟರಿ ತನಗಿಂತ ಹೆಚ್ಚಿನ ವಿಭವದ ಎದುರು ಪ್ರವಾಹವನ್ನು ಹೊರಗೆ ಕಳುಹಿಸಲಾರದು ಎಂಬುದು ಲೆಕ್ಕವಿಲ್ಲದೆಯೇ ಗೊತ್ತಾಗುತ್ತದೆ.

ಋಣ ಚಿಹ್ನೆಯ ವಿಚಾರಕ್ಕೆ ಬಂದರೆ, ಇಲ್ಲಿ ಅದು ದಿಕ್ಕಿನ ಆಯ್ಕೆಯ ಬಗ್ಗೆ ಮಾತನಾಡುತ್ತಿದೆ. ಎರಡೂ ಬ್ಯಾಟರಿಗಳಿಂದ ಪ್ರವಾಹ ಹೊರಗೆ ಬರುತ್ತದೆಂದು ನೀವು ಬಾಣ ಹಾಕಿದ್ದಿರಿ. ಎರಡನೆಯದರಲ್ಲಿ ಅದು ಒಳಗೆ ಹೋಗುತ್ತಿದೆ, ಬ್ಯಾಟರಿ ಚಾರ್ಜ್ ಆಗುತ್ತಿದೆ. ಬಾಣವನ್ನು ತಿರುಗಿಸಿ ಹೊಸದಾಗಿ ಲೆಕ್ಕ ಮಾಡುವ ಅಭ್ಯಾಸ ಕೆಲವರಲ್ಲಿದೆ, ಅದು ಬೇಡ. ನಡುವೆ ಬಾಣವನ್ನು ಬದಲಿಸಿದರೆ ಹಳೆಯ ಸಮೀಕರಣಗಳಲ್ಲಿ ಒಂದೆರಡು ಚಿಹ್ನೆಗಳು ತಿದ್ದದೆ ಉಳಿದು ಇಡೀ ಉತ್ತರ ಕೆಡುವುದೇ ಹೆಚ್ಚು. ಮೊದಲು ಹಾಕಿದ ಬಾಣವನ್ನು ಕೊನೆಯವರೆಗೂ ಮುಟ್ಟಬೇಡಿ, ಋಣ ಬಂದರೆ ಕೊನೆಯ ಸಾಲಿನಲ್ಲಿ ದಿಕ್ಕನ್ನು ಮಾತಿನಲ್ಲಿ ಹೇಳಿ. ಕಿರ್ಚಾಫ್ ಈ ನಿಯಮಗಳನ್ನು 1845ರಲ್ಲಿ ಮಂಡಿಸಿದಾಗ ಇನ್ನೂ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದರು. ಎಲೆಕ್ಟ್ರಾನ್ ಎಂಬುದು ಇದೆಯೆಂದು 1897ರವರೆಗೆ ಖಚಿತವಾಗಿರಲಿಲ್ಲ. ತಂತಿಯೊಳಗೆ ನಿಜವಾಗಿ ಏನು ಯಾವ ಕಡೆ ಸಾಗುತ್ತಿದೆ ಎಂಬುದು ತಿಳಿಯದಿದ್ದರೂ ಆ ನಿಯಮಗಳು ಕೆಲಸ ಮಾಡಿದವು. ನೀವು ಹಾಕುವ ಬಾಣ ಮೊದಲೇ ಸರಿಯಿರಬೇಕೆಂಬ ಆತಂಕ ಅನಗತ್ಯ.

ಸಿಇಟಿ ತರಬೇತುದಾರ, ದಾವಣಗೆರೆ

ವಿಭವವನ್ನು ಅಜ್ಞಾತವೆಂದು ಹಿಡಿಯುವ ಕ್ರಮವನ್ನು ನಾನೂ ಶಿಫಾರಸು ಮಾಡುತ್ತೇನೆ, 80 ಸೆಕೆಂಡಿನೊಳಗೆ ಮುಗಿಯುತ್ತದೆ. ಇದಕ್ಕೆ ಒಂದು ಎಚ್ಚರಿಕೆ: ವಾರ್ಷಿಕ ಪರೀಕ್ಷೆಯಲ್ಲಿ ಕಿರ್ಚಾಫ್ ನಿಯಮಗಳನ್ನು ಬಳಸಿ ಬಿಡಿಸಿ ಎಂದು ಸ್ಪಷ್ಟವಾಗಿ ಕೇಳಿದ್ದರೆ ಲೂಪ್ ಸಮೀಕರಣಗಳನ್ನು ಬರೆಯುವುದೇ ಸುರಕ್ಷಿತ, ಏಕೆಂದರೆ ಸಮೀಕರಣ ಬರೆಯುವುದು, ಅದರಲ್ಲಿ ಬೆಲೆಗಳನ್ನು ಹಾಕುವುದು, ಏಕಮಾನ ಇವುಗಳಿಗೆ ಹಂತ ಹಂತವಾಗಿ ಅಂಕ ಕೊಡುತ್ತಾರೆ.

ಐಟಿಐ ಎಲೆಕ್ಟ್ರಿಷಿಯನ್ ವಿಭಾಗದ ಬೋಧಕ, ಹುಬ್ಬಳ್ಳಿ

ಉಪನ್ಯಾಸಕರು ಬಸ್ಸಿನ ಬಗ್ಗೆ ಹೇಳಿದ, ಯಾವುದು ಬದಲಾಗದೆ ಇರುತ್ತದೆ ಎಂದು ಭಾವಿಸಿದ್ದೇವೆ ಎಂಬ ಪ್ರಶ್ನೆ ವಿದ್ಯುತ್ತಿನ ಲೆಕ್ಕಗಳಲ್ಲಿಯೂ ಇದೆ, ಆದರೆ ಪುಸ್ತಕಗಳು ಅದನ್ನು ಎತ್ತುವುದು ಕಡಿಮೆ. 230 ವೋಲ್ಟಿನ 60 ವ್ಯಾಟ್ ಮತ್ತು 100 ವ್ಯಾಟ್ ಫಿಲಮೆಂಟ್ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ ಎಂಬುದು ಹಳೆಯ ಪ್ರಶ್ನೆ. ವೋಲ್ಟೇಜಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿದರೆ ರೋಧಗಳು ಸುಮಾರು 882 ಮತ್ತು 529 ಓಮ್. ಸರಣಿಯಲ್ಲಿ ಪ್ರವಾಹ ಒಂದೇ ಆದ್ದರಿಂದ ಹೆಚ್ಚಿನ ರೋಧದ ಬಲ್ಬಿಗೆ ಹೆಚ್ಚು ಸಾಮರ್ಥ್ಯ: 60 ವ್ಯಾಟಿನದು ಸುಮಾರು 23 ವ್ಯಾಟ್, 100 ವ್ಯಾಟಿನದು ಸುಮಾರು 14 ವ್ಯಾಟ್ ಬಳಸುತ್ತವೆ. ಪರೀಕ್ಷೆಗೆ ಇಷ್ಟು ಸಾಕು.

ಆದರೆ ಮೀಟರ್ ಹಿಡಿದು ನೋಡಿದರೆ ಈ ಸಂಖ್ಯೆಗಳು ಸಿಗುವುದಿಲ್ಲ. 882 ಮತ್ತು 529 ಎಂಬುದು ಫಿಲಮೆಂಟ್ ಪೂರ್ತಿ ಕಾದಾಗಿನ ರೋಧ. ಟಂಗ್‌ಸ್ಟನ್ ತಣ್ಣಗಿರುವಾಗ ಅದರ ರೋಧ ಹೆಚ್ಚುಕಡಿಮೆ ಹತ್ತನೆಯ ಒಂದು ಭಾಗ ಮಾತ್ರ. ಸರಣಿಯಲ್ಲಿ 100 ವ್ಯಾಟಿನ ಬಲ್ಬು ಹೆಚ್ಚು ತಣ್ಣಗಿದ್ದು ಅದರ ರೋಧ ಇನ್ನಷ್ಟು ಇಳಿಯುವುದರಿಂದ ಲೆಕ್ಕ ಹೇಳುವುದಕ್ಕಿಂತಲೂ ಅದು ಮಂಕಾಗಿರುತ್ತದೆ. ದುರಸ್ತಿ ಅಂಗಡಿಗಳಲ್ಲಿರುವ ಸೀರೀಸ್ ಬೋರ್ಡ್ ಕೆಲಸ ಮಾಡುವುದೂ ಹೆಚ್ಚುಕಡಿಮೆ ಹೀಗೆಯೇ: ಪರೀಕ್ಷಿಸಬೇಕಾದ ಉಪಕರಣದ ಜೊತೆಗೆ ಒಂದು ಫಿಲಮೆಂಟ್ ಬಲ್ಬನ್ನು ಸರಣಿಯಲ್ಲಿ ಹಾಕಿದರೆ, ಉಪಕರಣ ಶಾರ್ಟ್ ಆಗಿದ್ದಾಗ ಬಲ್ಬು ಪೂರ್ತಿ ಬೆಳಗಿ ಪ್ರವಾಹವನ್ನು ತಡೆಹಿಡಿಯುತ್ತದೆ. ಎಲ್‌ಇಡಿ ಬಲ್ಬುಗಳಿಗೆ ಈ ಲೆಕ್ಕವನ್ನು ಹಚ್ಚಬೇಡಿ, ಅವುಗಳೊಳಗೆ ಇಲೆಕ್ಟ್ರಾನಿಕ್ ಡ್ರೈವರ್ ಇರುವುದರಿಂದ ಓಮ್‌ನ ನಿಯಮ ನೇರವಾಗಿ ಅನ್ವಯವಾಗುವುದಿಲ್ಲ. ಮನೆಯ 230 ವೋಲ್ಟಿನಲ್ಲಿ ಇದನ್ನು ಮಾಡಿ ನೋಡಲು ಯಾರೂ ಹೋಗಬಾರದು; ಮೂರು ವೋಲ್ಟಿನ ಟಾರ್ಚ್ ಬಲ್ಬುಗಳಲ್ಲಿಯೂ ಇದೇ ಗುಣ ಕಾಣುತ್ತದೆ.

ಭೌತಶಾಸ್ತ್ರ ಉಪನ್ಯಾಸಕ, ಹಾಸನ

ಎಂಜಿನಿಯರ್ ಅವರ ಉತ್ತರಕ್ಕೆ ಒಂದು ತಾಳೆಯನ್ನು ಸೇರಿಸುತ್ತೇನೆ, ಕಿರ್ಚಾಫ್ ಲೆಕ್ಕಗಳನ್ನು ಮುಗಿಸಿದ ಮೇಲೆ ಇದನ್ನು ಮಾಡದೆ ಪುಟ ತಿರುವಬಾರದು ಎಂಬುದು ನನ್ನ ಅಭಿಪ್ರಾಯ. ಮೊದಲ ಬ್ಯಾಟರಿ ಕೊಡುವ ಸಾಮರ್ಥ್ಯ 12 × 2 = 24 ವ್ಯಾಟ್. ಅದರ ಆಂತರಿಕ ರೋಧದಲ್ಲಿ ಬಿಸಿಯಾಗಿ ಹೋಗುವುದು 2ರ ವರ್ಗ × 2 = 8 ವ್ಯಾಟ್. ಎರಡನೆಯದರ ಆಂತರಿಕ ರೋಧದಲ್ಲಿ 2 ವ್ಯಾಟ್, ಹೊರಗಿನ ರೋಧಕದಲ್ಲಿ 8 ವ್ಯಾಟ್. ಒಟ್ಟು 18. ಉಳಿದ 6 ವ್ಯಾಟ್ ಎಲ್ಲಿ ಹೋಯಿತು? 6 ವೋಲ್ಟಿನ ಬ್ಯಾಟರಿಗೆ 1 ಆಂಪಿಯರ್ ಒಳಹೋಗುತ್ತಿರುವುದರಿಂದ 6 ವ್ಯಾಟ್ ಅಲ್ಲಿ ರಾಸಾಯನಿಕ ಶಕ್ತಿಯಾಗಿ ಸಂಗ್ರಹವಾಗುತ್ತಿದೆ. ಋಣ ಚಿಹ್ನೆಯನ್ನು ಅಲಕ್ಷಿಸಿ ಆ ಬ್ಯಾಟರಿಯೂ 6 ವ್ಯಾಟ್ ಕೊಡುತ್ತಿದೆ ಎಂದು ಬರೆದರೆ ಪೂರೈಕೆ 30, ಖರ್ಚು 18. 12 ವ್ಯಾಟಿಗೆ ಲೆಕ್ಕವೇ ಸಿಗುವುದಿಲ್ಲ.

ಹೀಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಒಂದೇ ಸಾಲಿನ ನಿಯಮ ಕೊಡಲಾಗದಿದ್ದರೂ, ಋಣ ಬಂದಾಗ ಕೇಳಬೇಕಾದ ಪ್ರಶ್ನೆಯನ್ನು ಕೊಡಬಹುದು: ನಾನು ಬರೆದ ಸಮೀಕರಣ ಈ ಬೆಲೆಗೂ ಅನ್ವಯವಾಗುತ್ತದೆಯೇ? ಕಲ್ಲು ಕೈಯಲ್ಲಿದ್ದಾಗ ಆಗುವುದಿಲ್ಲ, ಬಸ್ಸು ನಿಂತ ಮೇಲೆ ಆಗುವುದಿಲ್ಲ. ಬ್ಯಾಟರಿಯೊಳಗೆ ಪ್ರವಾಹ ಯಾವ ಕಡೆ ಹರಿದರೂ ಆಗುತ್ತದೆ, ಆದ್ದರಿಂದ ಅಲ್ಲಿ ಋಣ ಉತ್ತರ ಉತ್ತರವೇ. ಬಸ್ಸಿನ ಲೆಕ್ಕದಲ್ಲಿ ಅಂತಿಮ ಸಂಖ್ಯೆಯಾದ 32 ಧನವಾಗಿಯೇ ಇತ್ತು ಎಂಬುದನ್ನು ಮರೆಯಬೇಡಿ. ಚಿಹ್ನೆ ನೋಡಿ ಎಚ್ಚೆತ್ತುಕೊಳ್ಳುವವರಿಗೆ ಅಲ್ಲಿ ಯಾವ ಸೂಚನೆಯೂ ಸಿಗುತ್ತಿರಲಿಲ್ಲ.

ದ್ವಿತೀಯ ಪಿಯು ವಿದ್ಯಾರ್ಥಿನಿ, ಚಳ್ಳಕೆರೆ

ಎಲ್ಲರಿಗೂ ಕೃತಜ್ಞತೆಗಳು. ಕೊನೆಯದಾಗಿ ಒಂದು ಸಂದೇಹ ಉಳಿದಿದೆ. ಎರಡನೆಯ ಬ್ಯಾಟರಿಯ ತುದಿಗಳ ನಡುವಿನ ವಿಭವಾಂತರ 8 ವೋಲ್ಟ್ ಎಂದು ಬಂತು, ಆದರೆ ಅದರ ಇಎಂಎಫ್ 6 ವೋಲ್ಟ್ ಮಾತ್ರ. ಆಂತರಿಕ ರೋಧದಿಂದಾಗಿ ತುದಿಗಳ ವಿಭವಾಂತರ ಯಾವಾಗಲೂ ಇಎಂಎಫ್‌ಗಿಂತ ಕಡಿಮೆ ಇರುತ್ತದೆ ಎಂದು ಓದಿದ್ದೇನೆ. ಮತ್ತೆ, ಎರಡನೆಯ ಬ್ಯಾಟರಿಯ ಜಾಗದಲ್ಲಿ ಸಾಮಾನ್ಯ ಟಾರ್ಚ್ ಸೆಲ್‌ಗಳನ್ನು ಇಟ್ಟರೂ ಇದೇ ಲೆಕ್ಕ ಅನ್ವಯವಾಗುತ್ತದೆಯೇ?

ಐಟಿಐ ಎಲೆಕ್ಟ್ರಿಷಿಯನ್ ವಿಭಾಗದ ಬೋಧಕ, ಹುಬ್ಬಳ್ಳಿ

ಕಡಿಮೆ ಇರುವುದು ಬ್ಯಾಟರಿ ಪ್ರವಾಹ ಕೊಡುವಾಗ ಮಾತ್ರ. ಸೂತ್ರ ಒಂದೇ: ಇಎಂಎಫ್‌ನಿಂದ ಪ್ರವಾಹ ಮತ್ತು ಆಂತರಿಕ ರೋಧಗಳ ಗುಣಲಬ್ಧವನ್ನು ಕಳೆಯಬೇಕು. ಪ್ರವಾಹ −1 ಆದ್ದರಿಂದ 6 − (−1 × 2) = 8. ಚಾರ್ಜ್ ಆಗುವಾಗ ಹೊರಗಿನ ವೋಲ್ಟೇಜು ಬ್ಯಾಟರಿಯ ಇಎಂಎಫ್ ಅನ್ನೂ ಮೀರಿ ಆಂತರಿಕ ರೋಧವನ್ನೂ ದಾಟಬೇಕು. ಕಾರಿನ 12 ವೋಲ್ಟ್ ಬ್ಯಾಟರಿಯ ತುದಿಗಳಿಗೆ ಎಂಜಿನ್ ಓಡುತ್ತಿರುವಾಗ ಮೀಟರ್ ಹಿಡಿದರೆ ಸಾಮಾನ್ಯವಾಗಿ 14 ವೋಲ್ಟಿನ ಆಸುಪಾಸು ತೋರಿಸುತ್ತದೆ. ಆಗ ಆಲ್ಟರ್ನೇಟರ್ ಅದನ್ನು ಚಾರ್ಜ್ ಮಾಡುತ್ತಿರುತ್ತದೆ. ಎಂಜಿನ್ ನಿಲ್ಲಿಸಿದ ಮೇಲೆ 12.6ರ ಹತ್ತಿರಕ್ಕೆ ಇಳಿಯುತ್ತದೆ.

ಟಾರ್ಚ್ ಸೆಲ್‌ಗಳ ಬಗ್ಗೆ: ಕಾಗದದ ಮೇಲೆ ಅನ್ವಯವಾಗುತ್ತದೆ, ಮೇಜಿನ ಮೇಲೆ ಮಾಡಬೇಡಿ. ಚಾರ್ಜ್ ಮಾಡಲು ತಯಾರಿಸದ ಸೆಲ್‌ಗೆ ಪ್ರವಾಹವನ್ನು ಹಿಮ್ಮುಖವಾಗಿ ನುಗ್ಗಿಸಿದರೆ ಒಳಗೆ ಅನಿಲ ತುಂಬಿ ಅದು ಸೋರಬಹುದು, ಒಡೆಯಲೂಬಹುದು. ಹಳೆಯ ಸೆಲ್ ಮತ್ತು ಹೊಸ ಸೆಲ್‌ಗಳನ್ನು ಸಮಾಂತರವಾಗಿ ಜೋಡಿಸಬಾರದು ಎನ್ನುವುದಕ್ಕೂ ಕಾರಣ ಇದೇ, ಹೊಸದು ಹಳೆಯದನ್ನು ಚಾರ್ಜ್ ಮಾಡಲು ಹೊರಡುತ್ತದೆ. ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡಿ ನೋಡುವುದಾದರೆ ಲೆಡ್-ಆಸಿಡ್ ಬ್ಯಾಟರಿಗಳನ್ನು ಬಳಸಿ, ಅವುಗಳ ಆಂತರಿಕ ರೋಧ ಬಹಳ ಕಡಿಮೆಯಾದ್ದರಿಂದ ಪ್ರತಿಯೊಂದರ ಜೊತೆಗೂ 2 ಓಮ್‌ನ, 10 ವ್ಯಾಟ್ ತಾಳಬಲ್ಲ ರೋಧಕವನ್ನು ಹೊರಗಿನಿಂದ ಸರಣಿಯಲ್ಲಿ ಸೇರಿಸಿ. 8 ಓಮ್‌ನ ರೋಧಕವೂ 10 ವ್ಯಾಟಿನದೇ ಇರಲಿ. ಎರಡನೆಯ ಬ್ಯಾಟರಿಯ ದಾರಿಯಲ್ಲಿ ಸೊನ್ನೆ ನಡುವಿನಲ್ಲಿರುವ ಅಮ್ಮೀಟರ್ ಇಟ್ಟರೆ ಮುಳ್ಳು ಎಡಕ್ಕೆ ತಿರುಗುವುದನ್ನು ನೋಡಬಹುದು.